ಟವಲ್ ಹಾಕಿದ ಸ್ಕೂಟರು

ಅರಸೀಕೆರೆಯಲ್ಲಿ ನಮ್ಮದು ಮೂರು ತಲೆಮಾರಿನ ಕೊಬ್ಬರಿ ಮಂಡಿ. ನಮ್ಮ ತಾತನ ತಕ್ಕಡಿಯತ್ತ ಯಾರೂ ಬೆರಳು ತೋರಿಸಿದ್ದಿಲ್ಲ. ಮಠದ ಸ್ವಾಮಿಗಳು ಊರಿಗೆ ಬಂದರೆ ಮೊದಲ ಪಾದಪೂಜೆ ನಮ್ಮ ಮನೆಯಲ್ಲೇ. ನಾನು ಕಾನ್ವೆಂಟಿನಲ್ಲಿ ಓದಿದವಳು. ಸಾಲು ತಪ್ಪಿಸಿದವಳಲ್ಲ, ಪರರ ವಸ್ತು ಮುಟ್ಟಿದವಳಲ್ಲ. ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ: ಮೊನ್ನೆ ರೈಲ್ವೆ ಸ್ಟೇಷನ್ ಮುಂದೆ ಒಬ್ಬರು ನನ್ನನ್ನು ಕಳ್ಳಿ ಎಂದರು.

ಎಲ್ಲ ಶುರುವಾದದ್ದು ಅಲ್ಲಿಗೆ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರುಗಳು ಬಂದ ಮೇಲೆ. ಫೋನಿನಲ್ಲಿ ಬುಕ್ ಮಾಡಿ, ಹ್ಯಾಂಡಲ್ ಮೇಲಿನ ಚೌಕದ ಗುರುತಿಗೆ ಫೋನ್ ಹಿಡಿದರೆ ಬೀಗ ಬಿಚ್ಚುತ್ತದೆ. ವಾಪಸು ತಂದು ನಿಲ್ಲಿಸಿದರೆ ಇನ್ನೊಬ್ಬರಿಗೆ. ಹೊಗೆಯಿಲ್ಲ, ಸದ್ದಿಲ್ಲ! ಮೊದಲ ದಿನವೇ ಓಡಿಸಿದೆ, ಹಾರಿದ ಹಾಗಾಯಿತು! ಆದರೆ ನಮ್ಮೂರಿನಲ್ಲಿ ಗಾಡಿ ಬರುವುದಕ್ಕೂ ಪ್ರಸಂಗ ಹುಟ್ಟುವುದಕ್ಕೂ ತಡವಾಗುವುದಿಲ್ಲ.

೧. ಪೂಜೆ

ಒಂದು ಬೆಳಿಗ್ಗೆ ನಾನು ಬುಕ್ ಮಾಡಿದ ಗಾಡಿಯ ಚಕ್ರದಡಿ ನಿಂಬೆಹಣ್ಣು, ಮೈತುಂಬ ವಿಭೂತಿ, ಕುಂಕುಮ. ಹಿಂದಿನ ಸವಾರ ಅಲ್ಲೇ ಕೈಮುಗಿದು ನಿಂತಿದ್ದ.

"ಬಾಡಿಗೆ ಗಾಡಿಗೆ ಪೂಜೆ ಯಾಕ್ರೀ?"

"ನನ್ನ ಕೈಗೆ ಹೊಸದೇ ಅಲ್ವಾ ಮೇಡಂ?"

ಅವನ ಹಿಂದಿನವನೂ, ಅದಕ್ಕೂ ಹಿಂದಿನವನೂ ಹಾಗೇ ಅಂದುಕೊಂಡಿದ್ದರು. ಚೌಕದ ಗುರುತು ವಿಭೂತಿಯಲ್ಲಿ ಮುಚ್ಚಿಹೋಗಿ ಬೀಗವೇ ಬಿಚ್ಚಲಿಲ್ಲ. ಅಷ್ಟು ಪೂಜೆ ಮಾಡಿಸಿಕೊಂಡ ಗಾಡಿ ದೇವರಂತೆ ಕೂತಲ್ಲೇ ಕೂತಿತು.

೨. ಹಾರನಹಳ್ಳಿ

ಉತ್ಸಾಹ ಹೆಚ್ಚಾಗಿ ಹಾರನಹಳ್ಳಿಯವರೆಗೂ ಹೋದೆ. ಅಲ್ಲಿ ಚಾರ್ಜು ಮುಗಿಯಿತು. ಒಬ್ಬ ರೈತರ ಮನೆಯಾಕೆ ಕೊಟ್ಟಿಗೆಯ ಪ್ಲಗ್ಗಿಗೆ ಸಿಕ್ಕಿಸಿಕೊಟ್ಟು, "ಬರೀ ಹೊಟ್ಟೇಲಿ ಕೂತ್ಕಬ್ಯಾಡಿ ಕಣ್ರವ್ವ" ಎಂದು ಮುದ್ದೆ ಬಡಿಸಿದಳು. ಊಟ ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಬಂದದ್ದು ಸಂಜೆಗೆ. ಮನೆಯಿಂದ ನಮ್ಮ ಯಜಮಾನರು ಫೋನ್ ಮಾಡಿ, "ಗಾಡಿ ಎಷ್ಟು ತುಂಬಿತು?" ಎಂದರು.

"ಗಾಡಿ ಈಗ ಶುರು ಮಾಡಿದೆ. ನನಗೆ ಮತ್ತೆ ಮುದ್ದೆಗೆ ಎಸರಿಟ್ಟಿದ್ದಾರೆ" ಎಂದೆ.

೩. ಟವಲ್

ಈಗ ಆ ದಿನದ ವಿಷಯ. ನಾನು ಬುಕ್ ಮಾಡಿದ ಸ್ಕೂಟರಿನ ಸೀಟಿನ ಮೇಲೆ ಒಂದು ಟವಲ್. ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವ ಹಾಗೆ ಒಬ್ಬರು ಸ್ಕೂಟರು ಹಿಡಿದು ಟೀಗೆ ಹೋಗಿದ್ದರು. ಅದನ್ನು ಮಡಚಿ ಪಕ್ಕದ ಕಂಬಿಯ ಮೇಲಿಟ್ಟು ಹೊರಟೆ.

"ಹಿಡ್ಕಳ್ರಲಾ! ಕಳ್ಳಿ! ನನ್ ಗಾಡಿ ಹೊಡ್ಕಂಡ್ ಹೋಯ್ತಾವ್ಳೆ!"

ಗಾಡಿಗೆ ಸದ್ದಿಲ್ಲವಲ್ಲ, ಪ್ರತಿ ಅಕ್ಷರ ನನಗೂ ಕೇಳಿಸಿತು, ಎದುರಿನ ಇಡೀ ಬಸ್ ಸ್ಟ್ಯಾಂಡಿಗೂ ಕೇಳಿಸಿತು. ತಿರುಗಿ ಬಂದು, ಇಳಿದು, ಫೋನ್ ತೋರಿಸಿದೆ. ಆತ ಕಂಬಿಯ ಮೇಲಿನ ಟವಲ್ ತಂದು ಸೀಟಿಗೆ ಹಾಸಿ ಅದರ ಮೇಲೆ ಕೂತೇಬಿಟ್ಟರು. ಜನ ಸೇರಿತು. ಬೇಲೂರು ಬಸ್ಸಿನ ಕಂಡಕ್ಟರು ಎರಡೂ ಕಡೆ ಕೇಳಿ ತೀರ್ಪು ಕೊಟ್ಟರು:

"ಟವಲ್ ಹಾಕಿದ್ದು ಅವ್ರು, ಅದಕ್ಕೆ ಸೀಟು ಅವ್ರದ್ದು. ಬುಕ್ ಮಾಡಿದ್ದು ಮೇಡಮ್ಮು, ಅದಕ್ಕೆ ಗಾಡಿ ಅವ್ರದ್ದು."

ಸರಿ, ಸೀಟಿನ ಮೇಲೆ ಆತ, ಹ್ಯಾಂಡಲ್ ಹಿಡಿದು ಪಕ್ಕದಲ್ಲಿ ನಾನು. ಗಾಡಿ ಎಲ್ಲಿಗೂ ಹೋಗಲಿಲ್ಲ. ಅಷ್ಟರಲ್ಲಿ ಬೇಲೂರು ಬಸ್ಸು ಹೊರಟಿತು. ಆತ ಹೋಗಬೇಕಿದ್ದದ್ದೂ ಬೇಲೂರಿನ ಕಡೆಗೇ ಅಂತೆ; ಸೀಟು ಬಿಟ್ಟು, ಟವಲ್ ಮರೆತು, ಓಡಿ ಬಸ್ ಹತ್ತಿದರು. ಹತ್ತುವ ಆತುರದಲ್ಲಿ, ನನ್ನನ್ನು ಕಳ್ಳಿ ಎಂದ ಮಾತನ್ನೂ ಹಿಂತೆಗೆದುಕೊಳ್ಳಲಿಲ್ಲ.

ಅವರ ಟವಲನ್ನು ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಅದೇ ಸ್ಟ್ಯಾಂಡಿಗೆ ಬರಲಿ, ಅದೇ ಜನರ ಮುಂದೆ ಕ್ಷಮೆ ಕೇಳಲಿ, ತೆಗೆದುಕೊಂಡು ಹೋಗಲಿ.