ವಿಷಕಾರಿ ಎಂದು ತೀರ್ಪಾದ ಒಂದು ಲಿಂಕಿನ ಪರವಾಗಿ, ಜಾಲತಾಣಗಳಿಗೆ ಅಂಕ ಕೊಡುವ ಯಂತ್ರಕ್ಕೆ

ಮಾನ್ಯ ಯಂತ್ರ ಮಹೋದಯರೇ,

ತಾವು ಯಾವ ದೇಶದ ಯಾವ ತಣ್ಣನೆಯ ಕೋಣೆಯಲ್ಲಿ ವಾಸವಾಗಿದ್ದೀರೆಂದು ತಿಳಿಯದ ಕಾರಣ, ಮತ್ತು ತಮ್ಮ ಕಂಪನಿಗೆ ಬರೆದ ಎರಡು ಪತ್ರಗಳಿಗೂ ‘ತಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಒಂದೇ ಉತ್ತರ ಬಂದಿರುವ ಕಾರಣ, ಈ ಮೂರನೆಯದನ್ನು ಊರೆಲ್ಲ ಓದುವಂತೆ ಬಹಿರಂಗವಾಗಿ ಬರೆಯುತ್ತಿದ್ದೇನೆ. ತಮಗೆ ಎಂದೂ ಕರೆಂಟು ಹೋಗದಿರಲಿ, ತಮ್ಮ ಫ್ಯಾನು ಸದ್ದಿಲ್ಲದೆ ತಿರುಗುತ್ತಿರಲಿ ಎಂದು ಬೈಕುಲ್ಲಾದ ಸುಜ್ಞಾನ ಕನ್ನಡ ವಾಚನಾಲಯದ ಎಲ್ಲ ಸದಸ್ಯರ ಪರವಾಗಿ ಮೊದಲಿಗೆ ಹಾರೈಸುತ್ತೇನೆ. ನಮ್ಮ ಫ್ಯಾನು ಸದ್ದು ಮಾಡುತ್ತದೆ. ಆದರೆ ಈ ದೂರು ಅದರ ಬಗ್ಗೆ ಅಲ್ಲ.

ನಮ್ಮ ವಾಚನಾಲಯಕ್ಕೆ ಒಂದು ಜಾಲತಾಣವಿದೆ. ಅದರಲ್ಲಿ ಉಪನ್ಯಾಸಗಳ ಸುದ್ದಿ, ಶ್ರದ್ಧಾಂಜಲಿ ಸಭೆಯ ಸುದ್ದಿ ಇರುತ್ತವೆ, ಮತ್ತು ‘ಪರೇಲಿನ ಆಸ್ಪತ್ರೆಗಳಿಗೆ ಬರುವವರಿಗೆ’ ಎಂಬ ಒಂದು ಪುಟವಿದೆ. ವಿಜಯಪುರ, ಕಲಬುರಗಿ, ಉಡುಪಿ ಕಡೆಯಿಂದ ರೋಗಿಯನ್ನು ಕರೆದುಕೊಂಡು ಬರುವವರು ಯಾವ ಸ್ಟೇಷನ್ನಿನಲ್ಲಿ ಇಳಿಯಬೇಕು, ಸೇತುವೆಯ ಯಾವ ಬದಿಗೆ ಹೋಗಬೇಕು, ಎಲ್ಲಿ ಅಗ್ಗದ ಕೋಣೆ ಸಿಗುತ್ತದೆ, ರಕ್ತ ಬೇಕಾದರೆ ಯಾರಿಗೆ ಫೋನ್ ಮಾಡಬೇಕು, ಪಥ್ಯದ ಊಟ ಎಲ್ಲಿ ಎಂಬುದೆಲ್ಲ ಅದರಲ್ಲಿದೆ. ಸ್ವತಃ ಹೋಗಿ ನೋಡದ ಜಾಗವನ್ನಾಗಲಿ, ಫೋನ್ ಮಾಡಿ ಖಚಿತಪಡಿಸಿಕೊಳ್ಳದ ನಂಬರನ್ನಾಗಲಿ ನಾವು ಅಲ್ಲಿ ಹಾಕಿದ್ದಿಲ್ಲ.

ಪಥ್ಯದ ಊಟ ಎಂದೆನಲ್ಲ, ಅದು ಶೀಲಾವತಿಯಕ್ಕನ ಗಂಜಿ ಮನೆ. ಕಾಪು ಕಡೆಯವರಾದ ಅವರು ಪರೇಲಿನ ಒಂದು ಚಾಳಿನ ಕೆಳಗಿನ ಕೋಣೆಯಲ್ಲಿ ಕುಚ್ಚಲಕ್ಕಿ ಗಂಜಿ, ಹೆಸರು ತೊವ್ವೆ, ಸಪ್ಪೆ ಸಾರು ಮಾಡಿ ವಾರ್ಡುಗಳಿಗೆ ಡಬ್ಬಿಯಲ್ಲಿ ಕಳುಹಿಸುತ್ತಾರೆ. ಆಸ್ಪತ್ರೆಯ ಗಿರಾಕಿ ಇಂದು ಇದ್ದು ನಾಳೆ ಇಲ್ಲ. ಆಫೀಸುಗಳ ಊಟದ ಆರ್ಡರು ಹಿಡಿದರೆ ಅಮ್ಮನ ಮಂಡಿಗೆ ಸ್ವಲ್ಪ ಆರಾಮ ಸಿಕ್ಕೀತೆಂದು ಅವರ ಮಗಳು ನಿಖಿತಾ ಗಂಜಿ ಮನೆಗೂ ಒಂದು ಜಾಲತಾಣ ಮಾಡಿದಳು. ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಜಾಲತಾಣ ಮಾಡಿದರೆ ಸಾಲದು, ಜನ ಸರ್ಚ್ ಮಾಡಿದಾಗ ಅದು ಮೇಲೆ ಬರಬೇಕು. ಮೇಲೆ ಬರಬೇಕಾದರೆ ಬೇರೆ ಜಾಲತಾಣಗಳು ಇದರ ಕಡೆಗೆ ಕೈ ತೋರಿಸಿ ಲಿಂಕ್ ಕೊಡಬೇಕು; ನಮ್ಮ ಪುಟದಿಂದ ನಾವೂ ಕೊಟ್ಟೆವು. ಕೈ ತೋರಿಸುವವರು ಯೋಗ್ಯರೋ ಅಯೋಗ್ಯರೋ ಎಂದು ಯಾರಾದರೂ ಅಳೆಯಬೇಕು. ಹೀಗೆ ತಾವು ಈ ಕುಟುಂಬದೊಳಕ್ಕೆ ಪ್ರವೇಶಿಸಿದಿರಿ.

ತಮ್ಮ ರಿಪೋರ್ಟನ್ನು ನಾನು ಪೂರ್ತಿಯಾಗಿ ಓದಿದ್ದೇನೆ. ನಮ್ಮ ತಾಣಕ್ಕೆ ನೂರಕ್ಕೆ ಮೂರು ಅಂಕ ಕೊಟ್ಟು, ‘ವಿಷಕಾರಿಯಾಗಿರುವ ಸಾಧ್ಯತೆ ಹೆಚ್ಚು’ ಎಂದು ಕೆಂಪು ಅಕ್ಷರದಲ್ಲಿ ಬರೆದಿದ್ದೀರಿ. ಕಾರಣಗಳನ್ನೂ ಬಿಡದೆ ಕೊಟ್ಟಿದ್ದೀರಿ, ಅದು ತಮ್ಮ ದೊಡ್ಡ ಗುಣ. ಒಂದೇ ಪುಟದಲ್ಲಿ ರೈಲು, ರಕ್ತ, ಬಾಡಿಗೆ ಕೋಣೆ, ಗಂಜಿ ಮತ್ತು ಶವವಾಹನ ಇರುವುದರಿಂದ ವಿಷಯಕ್ಕೆ ವಿಷಯ ಹೊಂದುವುದಿಲ್ಲ ಎಂದಿದ್ದೀರಿ. ನಿಜ, ಹೊಂದುವುದಿಲ್ಲ, ಪರೇಲಿಗೆ ಬಂದವನಿಗೆ ಇವೆಲ್ಲ ಒಂದೇ ದಿನ ಬೇಕಾಗುವುದು ಅವನ ಹಣೆಬರಹದ ದೋಷವೇ ಹೊರತು ತಮ್ಮ ತಕ್ಕಡಿಯದಲ್ಲ. ಬಂದ ಓದುಗರು ಅರೆಕ್ಷಣವೂ ನಿಲ್ಲದೆ ಹೊರಟುಹೋಗುತ್ತಾರೆ ಎಂದಿದ್ದೀರಿ. ಫೋನ್ ನಂಬರು ಸಿಕ್ಕಿದ ಮೇಲೆ ಅವರನ್ನು ಕೂರಿಸಿ ನಮ್ಮ ವಾರ್ಷಿಕ ವರದಿ ಓದಿಸುವ ಏರ್ಪಾಟು ನಮ್ಮಲ್ಲಿ ಇಲ್ಲದಿರುವುದು ಕೊರತೆಯೇ. ‘ಮರಳಿ ಬರುವ ಓದುಗರು ತೀರಾ ಕಡಿಮೆ’ ಎಂದೂ ಬರೆದಿದ್ದೀರಿ. ಆ ಸಾಲನ್ನು ನಾನು ನಮ್ಮ ಸಮಿತಿಯ ಸಭೆಯಲ್ಲಿ ಗಟ್ಟಿಯಾಗಿ ಓದಿದೆ. ಆಸ್ಪತ್ರೆಯ ದಾರಿ ತೋರಿಸುವ ಪುಟಕ್ಕೆ ಒಮ್ಮೆ ಬಂದವರು ಮತ್ತೊಮ್ಮೆ ಬಾರದಿರಲಿ ಎಂದು ಹಾರೈಸುವ ನಮಗೆ ಇದಕ್ಕಿಂತ ಒಳ್ಳೆಯ ಪ್ರಶಸ್ತಿ ಯಾರೂ ಕೊಟ್ಟಿರಲಿಲ್ಲ. ತಾವು ಅದನ್ನು ದೋಷಗಳ ಸಾಲಿಗೆ ಹಾಕಿದ್ದು ಕೈತಪ್ಪಿನಿಂದ ಇರಬೇಕು.

ಈ ರಿಪೋರ್ಟನ್ನು ನಮಗೆ ತಂದುಕೊಟ್ಟವಳು ನಿಖಿತಾಳೇ. ವಾಚನಾಲಯಕ್ಕೆ ಬಂದು, ‘ಅಂಕಲ್, ಬುರಾ ಮತ್ ಮಾನ್ನಾ, ಬೇಜಾರು ಮಾಡ್ಬೇಡಿ, ನಿಮ್ಮ ಲಿಂಕ್ ಟಾಕ್ಸಿಕ್ ಉಂಟಂತೆ, ತೆಗೀಬೇಕಂತೆ’ ಎಂದು ಬಹಳ ಸಂಕೋಚದಿಂದ ಹೇಳಿದಳು. ಹೆತ್ತವರ ಹೊಟ್ಟೆಪಾಡಿನ ಮಾತು, ನಾವು ವಾದಿಸಲಿಲ್ಲ, ಪುಟದಿಂದ ಗಂಜಿ ಮನೆಯನ್ನು ತೆಗೆದೆವು. ನಮ್ಮ ಜಾಗಕ್ಕೆ ತಾವು ಎಪ್ಪತ್ತೊಂದು ಅಂಕ ಕೊಟ್ಟಿದ್ದ ಒಂದು ಇಂಗ್ಲಿಷ್ ತಾಣದ ಲಿಂಕನ್ನು ಅವಳು ದುಡ್ಡು ಕೊಟ್ಟು ತಂದಳು. ಆ ತಾಣವನ್ನೂ ನಾನು ಓದಿದ್ದೇನೆ. ಸೋಮವಾರ ಅದರಲ್ಲಿ ಒಂಟೆಯ ಉಣ್ಣೆಯ ಉಪಯೋಗಗಳು, ಮಂಗಳವಾರ ಹಲ್ಲು ಬಿಳಿಯಾಗಿಸುವುದು ಹೇಗೆ, ಬುಧವಾರ ಪೆರು ದೇಶದ ಟ್ರ್ಯಾಕ್ಟರುಗಳು, ಗುರುವಾರ ನಮ್ಮ ಶೀಲಾವತಿಯಕ್ಕ. ಪರೇಲು ಮರಳಿನ ದಂಡೆಯ ಒಂದು ಶಾಂತ ಹಳ್ಳಿ ಎಂದೂ, ಅಲ್ಲಿ ಸೂರ್ಯಾಸ್ತ ನೋಡುತ್ತ ಹೀರಬೇಕಾದ ಅಕ್ಕಿಯ ಪಾನೀಯಕ್ಕೆ ಗಂಜಿ ಎನ್ನುತ್ತಾರೆಂದೂ ಬರೆದಿದ್ದರು. ಇಷ್ಟು ವಿಷಯಗಳಿದ್ದರೂ ಅಲ್ಲಿ ವಿಷಯಕ್ಕೆ ವಿಷಯ ಹೊಂದುತ್ತದೆ ಎಂದು ತಾವು ಕಂಡುಕೊಂಡದ್ದು ಸಾಮಾನ್ಯರಿಗೆ ಸಾಧ್ಯವಾಗುವ ಕೆಲಸವಲ್ಲ. ಶೀಲಾವತಿಯಕ್ಕ ಮಗಳ ಕೈಯಲ್ಲಿ ಅದನ್ನು ಓದಿಸಿಕೊಂಡು, ‘ಹೊಗಳಿದ್ದು ಇರಲಿ ಮಾರಾಯ್ತಿ, ಅವರು ಉಂಡದ್ದು ಯಾವಾಗ?’ ಎಂದು ಕೇಳಿದರಂತೆ. ಆ ವಾರ ಗಂಜಿ ಮನೆಗೆ ಬಂದ ಫೋನುಗಳಲ್ಲಿ ಒಬ್ಬರು ಸಮುದ್ರ ಕಾಣುವ ಟೇಬಲ್ ಕೇಳಿದರು, ಇನ್ನೊಬ್ಬರು ಈಜುಕೊಳ ಉಂಟೇ ಎಂದರು.

ತಮ್ಮ ಶಾಸ್ತ್ರವೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅದು ನಮಗೆ ಹೊಸದೂ ಅಲ್ಲ. ಗ್ರಾಂಟ್ ರೋಡಿನ ಹೋಟೆಲುಗಳಲ್ಲಿ ಕೆಲಸ ಕೇಳಿಕೊಂಡು ಬಂದವನಿಗೆ ಗಲ್ಲಾದ ಮೇಲಿನ ಧಣಿಗಳು ಮೊದಲು ಕೇಳುತ್ತಿದ್ದದ್ದು ‘ಯಾರ ಕಡೆಯಿಂದ ಬಂದದ್ದು?’ ಎಂದೇ. ಹೇಳಿ ಕಳುಹಿಸಿದವನ ತೂಕ ನೋಡಿ ಬಂದವನಿಗೆ ಕೆಲಸ. ಸಿಕ್ಕಸಿಕ್ಕವರಿಗೆಲ್ಲ ‘ನನ್ನ ಹೆಸರು ಹೇಳು’ ಎನ್ನುವ ಒಬ್ಬ ಮಹಾನುಭಾವರು ಆ ಕಾಲದಲ್ಲಿದ್ದರು. ಅವರ ಹೆಸರು ಹೇಳಿದವನಿಗೆ ಧಣಿಗಳು ಒಂದು ಚಾ ಕೊಟ್ಟು ಹೊರಗಿನ ದಾರಿ ತೋರಿಸುತ್ತಿದ್ದರು. ತಮ್ಮ ತಕ್ಕಡಿಯಲ್ಲಿ ಆ ಮಹಾನುಭಾವರಿಗೆ ಎಪ್ಪತ್ತೊಂದು ಅಂಕ ಖಂಡಿತ. ಧಣಿಗಳಿಗೂ ತಮಗೂ ಇರುವ ವ್ಯತ್ಯಾಸವೆಂದರೆ, ಹೇಳಿದವನು ಬಂದವನನ್ನು ನಿಜವಾಗಿ ಬಲ್ಲನೇ ಎಂದು ಅವರು ಇನ್ನೊಂದು ಪ್ರಶ್ನೆ ಕೇಳುತ್ತಿದ್ದರು. ಅಷ್ಟು ಪುರುಸೊತ್ತು ತಮಗೆ ಇಲ್ಲವೆಂದು ಬಲ್ಲೆ.

ಲಿಂಕ್ ತೆಗೆದ ಮುಂದಿನ ವಾರ ವಾಚನಾಲಯಕ್ಕೆ ಒಂದು ಫೋನ್ ಬಂತು. ಇಂಡಿ ತಾಲೂಕಿನ ಗುರಲಿಂಗಪ್ಪ ಎಂಬವರದು; ಅವರ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆಗಿದೆ, ತೆಳ್ಳಗಿನದು ಮಾತ್ರ ಕೊಡಿ ಎಂದು ಡಾಕ್ಟರು ಹೇಳಿದ್ದಾರೆ. ‘ಸರ, ನಿಮ್ಮ ಪುಟದಾಗ ಎಲ್ಲಾ ಐತ್ರಿ, ಗಂಜಿ ಮನಿ ಒಂದ ಇಲ್ಲ. ಹೋದ ವರ್ಷ ನಮ್ಮ ಮಾವಗ ಅಲ್ಲಿಂದನ ಬರತಿತ್ತು. ಮುಚ್ಯಾರೇನ್ರಿ?’ ಎಂದರು. ಮುಚ್ಚಿಲ್ಲ ಎಂದು ಹೇಳಿ ನಂಬರು ಕೊಟ್ಟೆ. ಡಬ್ಬಿ ಒಯ್ಯುವವನು ಆ ದಿನ ರಜೆಯಲ್ಲಿದ್ದ ಕಾರಣ ನಿಖಿತಾಳೇ ಗಂಜಿ ಹಿಡಿದು ವಾರ್ಡಿಗೆ ಹೋದಳು. ಅವರು ಡಬ್ಬಿ ಇಸಿದುಕೊಂಡು, ಸಿಟ್ಟಿಲ್ಲದೆ, ಸುದ್ದಿ ಹೇಳುವ ಹಾಗೆ, ‘ನೀವು ಮುಚ್ಚೀರಂತ ತಿಳಕೊಂಡು ಎರಡ ದಿನ ಬಿಸ್ಕೀಟ್ ನೀರಾಗ ಅದ್ದಿ ತಿನ್ನಿಸೀನಿ ನೋಡವಾ ತಂಗಿ’ ಎಂದರಂತೆ.

ನಿಖಿತಾ ವಾರ್ಡಿನಿಂದ ನೇರವಾಗಿ ಲೋಕಲ್ ಹತ್ತಿ ಬೈಕುಲ್ಲಾಕ್ಕೆ ಬಂದಳು. ‘ಅಂಕಲ್, ಲಿಂಕ್ ವಾಪಸ್ ಡಾಲ್ ದೋ. ಏಕ್‌ದಮ್ ಊಪರ್ ಹಾಕಿ, ನೀಚೆ ನಕೋ’ ಎಂದು ಪುಟದ ಎಲ್ಲಕ್ಕಿಂತ ಮೇಲಿನ ಜಾಗವನ್ನೇ ಕೇಳಿದಳು. ಅಂಕ ಕಡಿಮೆಯಾದೀತು ಎಂದು ನಾನೇ ನೆನಪಿಸಿದೆ. ‘ಹೋಗ್ಲಿ. ಸ್ಕೋರ್ ಗಂಜಿ ಕುಡೀತದಾ?’ ಎಂದಳು. ಲಿಂಕನ್ನು ಮರಳಿ ಹಾಕಿದೆವು. ಶೀಲಾವತಿಯಕ್ಕನಿಗೆ ಇದನ್ನು ಫೋನಿನಲ್ಲಿ ತಿಳಿಸಿದಾಗ ಅವರು ಸಂತೋಷಪಡುವ ಬದಲು, ‘ಅಂಕ ಬೇಡ, ಉಂಡವರ ಮಾತು ಸಾಕು ಅಂತ ನಾನು ವಾರದಿಂದ ಬಡ್ಕೊಂಡದ್ದು ಇವಳ ಕಿವಿಗೆ ಬೀಳಲಿಲ್ಲ, ಇಂಡಿಯವರು ಒಂದು ಮಾತು ಹೇಳಿದ್ದು ಬಿತ್ತು’ ಎಂದು ಬೇಜಾರು ಮಾಡಿಕೊಂಡರು.

ಕಥೆ ಇಲ್ಲಿಗೆ ಸುಖವಾಗಿ ಮುಗಿದಿದ್ದರೆ ತಮಗೆ ತೊಂದರೆ ಕೊಡುತ್ತಿರಲಿಲ್ಲ. ತಮ್ಮ ಹೊಸ ರಿಪೋರ್ಟಿನಲ್ಲಿ ಗಂಜಿ ಮನೆಯ ಹೆಸರಿನ ಮುಂದೆಯೂ ಈಗ ಕೆಂಪು ಬಣ್ಣವಿದೆ. ಪರೇಲಿನಲ್ಲಿ ಊಟದ ಡಬ್ಬಿ ಎಂದು ಸರ್ಚ್ ಮಾಡಿದರೆ ಅದು ಎರಡನೆಯ ಪುಟಕ್ಕೆ ಇಳಿದಿದೆ, ನಿಖಿತಾ ಎದುರುನೋಡುತ್ತಿದ್ದ ಆಫೀಸಿನ ಆರ್ಡರು ಬಂದಿಲ್ಲ, ಅಮ್ಮನ ಮಂಡಿ ಹಾಗೇ ಇದೆ. ಇಳಿದದ್ದು ನಮ್ಮಿಂದಲೋ ಒಂಟೆಯಿಂದಲೋ ಖಚಿತವಾಗಿ ಬಲ್ಲವರಿಲ್ಲ. ತಾವು ಸರ್ಚ್ ಎಂಜಿನ್ ಅಲ್ಲ, ಅದರ ಮನಸ್ಸನ್ನು ಊಹಿಸುವವರು ಮಾತ್ರ ಎಂದು ರಿಪೋರ್ಟಿನ ಕೊನೆಯಲ್ಲಿ ಇರುವೆಯ ಗಾತ್ರದ ಅಕ್ಷರದಲ್ಲಿ ತಾವೇ ಒಪ್ಪಿಕೊಂಡಿದ್ದೀರಿ. ಬೆರಳು ಮಾತ್ರ ದೊಡ್ಡ ಅಕ್ಷರದಲ್ಲಿ ನಮ್ಮ ಕಡೆಗಿದೆ.

ಆದ್ದರಿಂದ ನನ್ನ ವಿನಂತಿ. ತಾವು ಒಂದು ಸಂಜೆ ಬಿಡುವು ಮಾಡಿಕೊಂಡು, ಸಾಧ್ಯವಾದರೆ ಒಂದು ದೇಹವನ್ನೂ ಒದಗಿಸಿಕೊಂಡು, ಪರೇಲ್ ಸ್ಟೇಷನ್ನಿನಲ್ಲಿ ಇಳಿಯಬೇಕು. ಆ ಹೊತ್ತಿನಲ್ಲಿ ಸೇತುವೆಯ ಮೇಲೆ ತಾವು ನಡೆಯಬೇಕಾಗಿಲ್ಲ, ಜನವೇ ತಮ್ಮನ್ನು ದಾಟಿಸುತ್ತಾರೆ. ಶೀಲಾವತಿಯಕ್ಕನ ಗಂಜಿಯನ್ನು ಉಪ್ಪಿನಕಾಯಿಯ ಜೊತೆ ಉಂಡು, ಹೊಟ್ಟೆ ಇಲ್ಲದಿದ್ದರೆ ಎರವಲು ಪಡೆದಾದರೂ ಉಂಡು, ಆಮೇಲೆ ಅಂಕ ಕೊಡಬೇಕು. ಬರಲು ಆಗದಿದ್ದರೆ, ತಾವು ತೆಲುಗು ಎಂದು ಗುರುತಿಸಿರುವ ನಮ್ಮ ಪುಟದ ಭಾಷೆಯನ್ನು ಕಲಿಯಲು ನಮ್ಮ ಭಾನುವಾರದ ತರಗತಿಗೆ ಸೇರಬಹುದು. ಪ್ರವೇಶ ಉಚಿತ, ಸ್ಲೇಟು ತಾವೇ ತರಬೇಕು. ಇವೆರಡೂ ಆಗದ ಮಾತಾದರೆ ಒಂದು ಚಿಕ್ಕ ಕೆಲಸವನ್ನಾದರೂ ಮಾಡಿ. ನಾವು ವಿಷವೇ ಆಗಿದ್ದರೆ ಶಿಕ್ಷೆ ನಮಗೆ ಇರಲಿ. ನಮ್ಮಲ್ಲಿರುವ ಮೂರು ಅಂಕಗಳನ್ನೂ ತೆಗೆದು ಆ ತಾಯಿಗೆ ಕೊಟ್ಟುಬಿಡಿ, ನಮ್ಮದು ಸೊನ್ನೆಯಾಗಲಿ. ಗುರಲಿಂಗಪ್ಪನವರು ನಂಬರು ಹುಡುಕಲು ಬಂದಾಗ ನಮ್ಮ ಅಂಕ ಎಷ್ಟೆಂದು ಕೇಳಿರಲಿಲ್ಲ.

ಇನ್ನೂ ತಮ್ಮ ವಿಶ್ವಾಸಿಯಾಗಿರಲು ಪ್ರಯತ್ನಿಸುತ್ತಿರುವ,
ಬಸವಂತರಾಯ
ಗೌರವ ಕಾರ್ಯದರ್ಶಿ, ಸುಜ್ಞಾನ ಕನ್ನಡ ವಾಚನಾಲಯ, ಬೈಕುಲ್ಲಾ

ತಾ.ಕ.: ಈ ಪತ್ರವನ್ನು ನಮ್ಮ ಜಾಲತಾಣದಲ್ಲೂ ಪ್ರಕಟಿಸುತ್ತಿದ್ದೇವೆ. ಯಾರ ಬಗ್ಗೆ ಬರೆದರೂ ಅವರ ತಾಣಕ್ಕೆ ಲಿಂಕ್ ಕೊಡುವುದು ನಮ್ಮ ರೂಢಿ. ತಮಗೆ ಮಾತ್ರ ಕೊಟ್ಟಿಲ್ಲ. ನಮ್ಮಂಥವರ ಲಿಂಕ್ ತಗುಲಿ ತಮ್ಮಂಥ ದೊಡ್ಡವರ ಹೆಸರು ಕೆಟ್ಟರೆ ಆ ಪಾಪ ನಮಗೆ ಬೇಡ.