ಕೈತಪ್ಪು ಯಂತ್ರ

ಸ್ವತಂತ್ರ ಕೈಕೆಲಸಗಾರರ ಸಂರಕ್ಷಣಾ ಮಂಡಳಿ ಸ್ಥಾಪನೆಯಾದ ವರ್ಷ ನಮ್ಮ ಊರಿನಲ್ಲಿ ಕೈಯಿಂದ ಒಡವೆ ಮಾಡಿ ಮಾರುವವರು ನಲವತ್ತೊಂದು ಮಂದಿ ಇದ್ದರು. ಮಂಡಳಿಯ ಆರನೆಯ ವಾರ್ಷಿಕ ವರದಿಯ ಪ್ರಕಾರ ಈಗ ಒಬ್ಬರಿದ್ದಾರೆ. ಮೊದಲು ನಲವತ್ತೊಂದು ಮಂದಿಗೆ ಹಂಚಿಹೋಗುತ್ತಿದ್ದ ಸಂರಕ್ಷಣೆ ಈಗ ಒಬ್ಬರಿಗೇ ಪೂರ್ತಿಯಾಗಿ ದೊರೆಯುತ್ತಿರುವುದರಿಂದ ತಲಾ ಸಂರಕ್ಷಣೆಯಲ್ಲಿ ನಲವತ್ತೊಂದು ಪಟ್ಟು ಏರಿಕೆಯಾಗಿದೆ ಎಂದು ವರದಿಯ ಮೂರನೆಯ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ಮುದ್ರಿಸಲಾಗಿದೆ. ಈ ಸಾಧನೆಯ ಕೊನೆಯ ಹಂತ ನಡೆದ ಬಗೆ ಹೀಗಿದೆ.

ಗಡಿಯಾರ ರಿಪೇರಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವಿನ ಮನೆಯಲ್ಲಿ ಒಬ್ಬ ಹೆಂಗಸು ಇದ್ದಳು. ಇಪ್ಪತ್ತೆರಡು ವರ್ಷದಿಂದ ತಾಮ್ರದ ಮತ್ತು ಬೆಳ್ಳಿಯ ತಂತಿಯಲ್ಲಿ ಓಲೆ ಮಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ತಂತಿಯಕ್ಕ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಮೇಲೆ ಎರಡು ಇಕ್ಕಳ, ಒಂದು ಪುಟ್ಟ ಸುತ್ತಿಗೆ, ಒಂದು ಅರ. ಎದುರಿಗೆ ಅತ್ತೆ ಕೂತು ಗಾಜಿನ ಮಣಿಗಳನ್ನು ಬಣ್ಣದ ಪ್ರಕಾರ ಆರಿಸಿ ಹಳೆಯ ಗುಳಿಗೆ ಡಬ್ಬಿಗಳಿಗೆ ತುಂಬುತ್ತಿದ್ದಳು. ಗಂಡ ದೂರದೂರಿನ ಬಸ್ಸು ಓಡಿಸುತ್ತಿದ್ದ, ವಾರಕ್ಕೊಮ್ಮೆ ಬಂದು ಮಲಗಿ ಎದ್ದು ಹೋಗುತ್ತಿದ್ದ.

ತಂತಿಯಕ್ಕನ ಓಲೆಗೆ ಒಂದೇ ಎಳೆ ತಂತಿ. ಎಲ್ಲೂ ಕತ್ತರಿಸದೆ, ಬೆಸುಗೆ ಹಾಕದೆ, ಬಳ್ಳಿಯ ಹಾಗೆ ಮೂರು ಸುತ್ತು ಬಗ್ಗಿಸಿ, ನಡುವೆ ಒಂದು ಮಣಿ ಕೂರಿಸಿ, ತುದಿಯನ್ನು ಸಣ್ಣ ಬಾಲದಂತೆ ಒಳಗೆ ಮಡಿಸುತ್ತಿದ್ದಳು. ಕಿವಿಗೆ ಹಾಕಿಕೊಂಡರೆ ಹಾಕಿಕೊಂಡದ್ದೇ ಮರೆತುಹೋಗುವಷ್ಟು ಹಗುರ. ದಿನವಿಡೀ ನಿಂತು ದುಡಿಯುವ ನರ್ಸುಗಳು, ಟೀಚರುಗಳು ಹುಡುಕಿಕೊಂಡು ಬರುತ್ತಿದ್ದರು. ಬಾಗಿಲ ಮೇಲೆ ಅವಳೇ ನೀಲಿ ಬಣ್ಣದಲ್ಲಿ ಬರೆದ ಬೋರ್ಡು: 'ಕೈಯಿಂದ ಮಾಡಿದ ಓಲೆ ಮತ್ತು ಸರ'.

ಒಂದು ದಿನ ಮಂಡಳಿಯಿಂದ ಪತ್ರ ಬಂತು. 'ಕೈಯಿಂದ' ಎಂಬ ಪದವನ್ನು ಕೈಕೆಲಸಗಾರರ ಹಿತದೃಷ್ಟಿಯಿಂದ ಮಂಡಳಿಯು ತನ್ನ ವಶಕ್ಕೆ ತೆಗೆದುಕೊಂಡಿದೆ. ಇನ್ನು ಮುಂದೆ ಪ್ರಮಾಣಪತ್ರವಿಲ್ಲದೆ ಸದರಿ ಪದವನ್ನು ಬರೆಯುವುದಾಗಲಿ, ಉಚ್ಚರಿಸುವುದಾಗಲಿ, ಗಿರಾಕಿಯ ಮನಸ್ಸಿನಲ್ಲಿ ತಾನಾಗಿ ಮೂಡುವಂತೆ ವರ್ತಿಸುವುದಾಗಲಿ ಶಿಕ್ಷಾರ್ಹ. ಪರಿಶೀಲನಾಧಿಕಾರಿಗಳು ಬುಧವಾರ ಬರಲಿದ್ದಾರೆ.

ಅಧಿಕಾರಿಗಳು ಬುಧವಾರ ಬಂದರು. ಕುರ್ಚಿಯ ಧೂಳನ್ನು ಕರ್ಚೀಫಿನಿಂದ ಒರೆಸಿ, ಕೂತು, ಪ್ರಮಾಣಪತ್ರದ ಅರ್ಜಿ ಬಿಡಿಸಿದರು.

"ಕೈ ತೋರಿಸಿ."

ತಂತಿಯಕ್ಕ ತೋರಿಸಿದಳು. ಅವರು ಬರೆದುಕೊಂಡರು: 'ಕೈಗಳು: ಎರಡು. ಸ್ಥಿತಿ: ತೃಪ್ತಿಕರ.'

"ಇದೇನು?"

"ಇಕ್ಕಳ ಸಾರ್. ತಂತಿ ಬಗ್ಗಿಸೋಕೆ."

"ಅಂದ್ರೆ ಬಗ್ಗಿಸೋದು ಇಕ್ಕಳ. ನೀವಲ್ಲ."

"ಇಕ್ಕಳ ಹಿಡಿಯೋದು ನಾನು ತಾನೇ ಸಾರ್?"

"ಹಿಡಿಯೋದಕ್ಕೆ ಬೇರೆ ಫಾರಂ ಇದೆ."

ಮಣಿ ಆರಿಸುತ್ತಿದ್ದ ಅತ್ತೆ ತಲೆ ಎತ್ತದೆಯೇ, "ಊಟ ಮಾಡೋದು ತಟ್ಟೆ, ನಾವಲ್ಲ. ಅದನ್ನೂ ಬರ್ಕೊಳ್ಳಿ" ಎಂದಳು. ಅಧಿಕಾರಿಗಳು ಅದನ್ನೂ ಬರೆದುಕೊಂಡರು.

ಆಮೇಲೆ ಒಂದು ಜೊತೆ ಓಲೆ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಅವರ ಮುಖ ಗಂಭೀರವಾಯಿತು.

"ಎರಡೂ ಒಂದೇ ಥರ ಇವೆ."

"ಜೋಡಿ ಅಲ್ವಾ ಸಾರ್. ಒಂದೇ ಥರ ಇರ್ಲೇಬೇಕಲ್ಲ."

"ನಿಯಮ ಹದಿನಾಲ್ಕು ಓದಿಲ್ವಾ? ಕೈಯಿಂದ ಮಾಡಿದ ಯಾವ ಎರಡು ವಸ್ತುಗಳೂ ಒಂದೇ ರೀತಿ ಇರತಕ್ಕದ್ದಲ್ಲ. ಒಂದೇ ರೀತಿ ಇದ್ರೆ ಅದು ಮಿಷನ್."

"ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಕೈ ಪಳಗಿದೆ ಸಾರ್."

"ಪಳಗಿದ ಕೈಯನ್ನ ನಿಯಮ ಮಿಷನ್ ಅಂತಾನೇ ಪರಿಗಣಿಸುತ್ತೆ ಅಮ್ಮಾ. ನಾನೇನೂ ಮಾಡೋ ಹಾಗಿಲ್ಲ. ಸೋಮವಾರದೊಳಗೆ ಒಂದು ಜೊತೆ ಮಾಡಿಡಿ. ನೋಡಿದ ಕೂಡಲೇ ತಪ್ಪು ಕಾಣಬೇಕು."

ತಂತಿಯಕ್ಕ ಅಂದೇ ಕೆಲಸಕ್ಕೆ ಕೂತಳು. ಕೆಟ್ಟ ಓಲೆ ಮಾಡುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಬೇಕೆಂದೇ ಸೊಟ್ಟಗೆ ಬಗ್ಗಿಸಿದರೆ ಬೆರಳು ತನಗರಿವಿಲ್ಲದಂತೆ ನೆಟ್ಟಗೆ ಮಾಡಿಬಿಡುತ್ತಿತ್ತು. ಕಣ್ಣು ಮುಚ್ಚಿಕೊಂಡು ಮಾಡಿದಳು, ಇನ್ನೂ ಚೆನ್ನಾಗಿ ಬಂತು. ಎಡಗೈಯಲ್ಲಿ ಮಾಡಿದಳು, ಅದನ್ನು ಅಷ್ಟರಲ್ಲಿ ಬಂದ ನರ್ಸೊಬ್ಬಳು ಹಟ ಮಾಡಿ ಕೊಂಡುಕೊಂಡು ಹೋದಳು.

"ನಾನು ಮಾಡಿಕೊಡ್ಲಾ? ನನ್ನ ಕೈ ಹೇಗೂ ನಡುಗುತ್ತೆ" ಎಂದು ಅತ್ತೆ ಕೇಳಿದಳು.

"ಬೇಡ ಅತ್ತೆ. ಆಮೇಲೆ ನಿಮ್ಮ ಕೈಗೂ ಒಂದು ಫಾರಂ ಅಂತಾರೆ."

ಮೂರನೆಯ ದಿನ ಮಧ್ಯಾಹ್ನ ಎಡ ಓಲೆಯ ಬಾಲವನ್ನು ಇಕ್ಕಳದಲ್ಲಿ ಹಿಡಿದು, ಮುಖ ಆಚೆ ತಿರುಗಿಸಿ, ಹೊರಕ್ಕೆ ಎಳೆದುಬಿಟ್ಟಳು. ಬಾಲ ಮುರಿದ ಬೆರಳಿನಂತೆ ಸೆಟೆದು ನಿಂತಿತು. ಅದನ್ನು ನೋಡುತ್ತಾ ಅವಳಿಗೆ ಅಳು ಬಂತು. ಯಾರ ಕಣ್ಣಿಗೂ ಬೀಳದಿರಲಿ ಎಂದು ಮೇಲೊಂದು ಬಟ್ಟೆ ಮುಚ್ಚಿಟ್ಟಳು.

ಸೋಮವಾರ ಬಂದ ಅಧಿಕಾರಿಗಳಿಗೆ ಅದು ಬಹಳ ಹಿಡಿಸಿತು. "ನೋಡಿ, ಮನಸ್ಸು ಮಾಡಿದ್ರೆ ಆಗುತ್ತೆ" ಎಂದು ಬೆನ್ನು ತಟ್ಟುವ ದನಿಯಲ್ಲಿ ಹೇಳಿ, ಆ ಜೊತೆಯನ್ನು 'ಮಾದರಿ' ಎಂದು ಬರೆದ ಲಕೋಟೆಗೆ ಹಾಕಿಕೊಂಡು ಹೋದರು.

ಎರಡು ವಾರದ ನಂತರ ಮಂಡಳಿಯ ಗುಣಮಟ್ಟ ವಿಭಾಗದಿಂದ ಉತ್ತರ ಬಂತು. ಎಡ ಓಲೆಯು ಬಲ ಓಲೆಯಂತಿಲ್ಲ. ನಿಯಮ ಹದಿನೈದರ ಪ್ರಕಾರ ಜೋಡಿಯ ಎರಡೂ ಓಲೆಗಳು ಒಂದೇ ರೀತಿ ಇರತಕ್ಕದ್ದು. ಇಂಥ ಕಳಪೆ ಕೆಲಸದಿಂದ ಕೈಕೆಲಸಗಾರರ ಮಾನ ಹೋಗುತ್ತದೆ. ಅರ್ಜಿ ತಿರಸ್ಕರಿಸಲಾಗಿದೆ.

ನಿಯಮ ಹದಿನಾಲ್ಕು ಮತ್ತು ಹದಿನೈದು ಒಂದಕ್ಕೊಂದು ವಿರುದ್ಧವಾಗಿವೆ ಎಂದು ತಿಳಿಯದವರು ಹೇಳುವುದುಂಟು. ಅದು ಸರಿಯಲ್ಲ. ಹದಿನಾಲ್ಕನ್ನು ನೋಡಿಕೊಳ್ಳುವುದು ಪರಿಶೀಲನಾ ವಿಭಾಗ, ಹದಿನೈದನ್ನು ನೋಡಿಕೊಳ್ಳುವುದು ಗುಣಮಟ್ಟ ವಿಭಾಗ, ಎರಡರ ನಡುವೆ ಒಂದು ದೊಡ್ಡ ಬೀರು ಇದೆ. ಊರಿನ ಉಳಿದ ಕೈಕೆಲಸಗಾರರೆಲ್ಲ ಒಬ್ಬೊಬ್ಬರಾಗಿ ಆ ಬೀರುವಿನ ಈಚೆಗೋ ಆಚೆಗೋ ಬಿದ್ದು ಹೋಗಿದ್ದರು. ಬಳೆಯವಳು ಈಗ ಟೋಲ್ ಗೇಟಿನಲ್ಲಿ ಚೀಟಿ ಹರಿಯುತ್ತಾಳೆ.

ಅದೇ ತಿಂಗಳು ಊರಾಚೆಯ ಒಡವೆ ಕಾರ್ಖಾನೆಯ ಮಾಲೀಕರೂ ಅರ್ಜಿ ಹಾಕಿದ್ದರು. ಅವರ ಕಾರ್ಖಾನೆಯಲ್ಲಿ ಅಚ್ಚಿನ ಮಿಷನ್ನುಗಳು ದಿನಕ್ಕೆ ನಾಲ್ಕು ಸಾವಿರ ಜೊತೆ ಓಲೆ ಒತ್ತುತ್ತವೆ. ಅವರಿಗೂ ನಿಯಮ ಹದಿನಾಲ್ಕು ಅಡ್ಡ ಬಂತು. ಮಾಲೀಕರು ಕಾನೂನಿಗೆ ತಲೆಬಾಗುವವರಾದ್ದರಿಂದ ತಪ್ಪು ಮಾಡುವ ಒಂದು ಮಿಷನ್ ತರಿಸಿದರು. ಅದಕ್ಕೆ 'ಕೈತಪ್ಪು ಯಂತ್ರ' ಎಂದು ಹೆಸರು. ಅಚ್ಚಿನಿಂದ ಹೊರಬಿದ್ದ ಪ್ರತಿ ಎಡ ಓಲೆಗೂ ಅದು ಒಂದು ಏಟು ಕೊಟ್ಟು ಬಾಲವನ್ನು ಹೊರಕ್ಕೆ ಎಳೆಯುತ್ತಿತ್ತು. ಯಂತ್ರ ಸರಬರಾಜು ಮಾಡಿದವರು ಮಂಡಳಿಯ ಅಧ್ಯಕ್ಷರ ಭಾವಮೈದುನ. ಇದು ಕೇವಲ ಕಾಕತಾಳೀಯ ಎಂದು ಅಧ್ಯಕ್ಷರು ಯಂತ್ರ ಮಾರಾಟವಾಗುವ ಮೊದಲೇ ಲಿಖಿತವಾಗಿ ತಿಳಿಸಿದ್ದರು.

ಜೊತೆಯ ಎಡ ಬಲ ಬೇರೆ ಬೇರೆ ಇದ್ದುದರಿಂದ ಪರಿಶೀಲನಾ ವಿಭಾಗ ಒಪ್ಪಿತು. ನಾಲ್ಕು ಸಾವಿರ ಎಡ ಓಲೆಗಳೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಒಂದೇ ರೀತಿ ಕೆಟ್ಟಿದ್ದುದರಿಂದ ಗುಣಮಟ್ಟ ವಿಭಾಗವೂ ಒಪ್ಪಿತು. ಮಿಷನ್ನಿನ ಗುಂಡಿ ಒತ್ತುವುದು ಬೆರಳು, ಬೆರಳು ಕೈಯ ಅವಿಭಾಜ್ಯ ಅಂಗ ಎಂದು ಕಾನೂನು ಸಲಹೆಗಾರರು ಷರಾ ಬರೆದರು. ಹೀಗೆ ಮಾಲೀಕರು ಊರಿನ ಏಕೈಕ ಅಧಿಕೃತ ಕೈಕೆಲಸಗಾರರಾದರು.

ಆನಂತರ ಮಂಡಳಿ 'ಪುಟ್ಟ ಕೈಗಳನ್ನು ಬೆಂಬಲಿಸಿ' ಎಂಬ ಸಪ್ತಾಹ ಆಚರಿಸಿತು. ಪುರಭವನದ ತುಂಬ ಬ್ಯಾನರು, ಬಾಗಿಲಲ್ಲಿ ಧ್ವನಿವರ್ಧಕ: "ಸಾರ್ವಜನಿಕರ ಗಮನಕ್ಕೆ. ದೊಡ್ಡ ಕಂಪನಿಗಳ ಮಾಲು ಕೊಳ್ಳಬೇಡಿ. ಮನೆಯಲ್ಲಿ ಕೂತು ಕಷ್ಟಪಟ್ಟು ಮಾಡುವವರನ್ನು ಉಳಿಸಿ. ಮಳಿಗೆ ಒಂದರಿಂದ ಅರವತ್ತರವರೆಗೆ, ಎಲ್ಲವೂ ಕಾರ್ಖಾನೆಯವರದೇ."

ತಂತಿಯಕ್ಕ ಅತ್ತೆಯೊಂದಿಗೆ ಟಿಕೆಟ್ ಕೊಂಡು ಒಳಗೆ ಹೋದಳು. ಮೊದಲ ಮಳಿಗೆಯಲ್ಲೇ ಅವಳ ಕಾಲು ನಿಂತುಹೋಯಿತು. ಗಾಜಿನ ಪೆಟ್ಟಿಗೆಯಲ್ಲಿ ಸಾಲುಸಾಲಾಗಿ ಅವಳ ಓಲೆ. ಅದೇ ಮೂರು ಸುತ್ತು, ಅದೇ ಮಣಿ, ಎಡಗಡೆ ಅದೇ ಸೆಟೆದ ಬಾಲ. ಯಾರಿಗೂ ಕಾಣದಿರಲಿ ಎಂದು ಬಟ್ಟೆ ಮುಚ್ಚಿಟ್ಟಿದ್ದದ್ದು ಸಾವಿರ ಸಾವಿರವಾಗಿ ದೀಪದ ಕೆಳಗೆ ಹೊಳೆಯುತ್ತಿತ್ತು.

"ಈ ಬಾಲ ನಾನು ಅಳ್ತಾ ಬಗ್ಗಿಸಿದ್ದು" ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

ಮಾರುವ ಹುಡುಗಿಗೆ ಕೇಳಿಸಿತು. "ಹೌದು ಮೇಡಂ, ಅದೇ ಇದರ ವಿಶೇಷ. ಡಬ್ಬಿ ಮೇಲೆ ಬರೆದಿದೆ ನೋಡಿ, 'ಒಬ್ಬ ತಾಯಿಯ ಕಣ್ಣೀರು ತಾಗಿದ ಓಲೆ'. ಎರಡು ಜೊತೆ ತಗೊಂಡ್ರೆ ಒಂದು ಫ್ರೀ."

ವೇದಿಕೆಯ ಹತ್ತಿರ ಪರಿಶೀಲನಾಧಿಕಾರಿಗಳು ನಿಂತಿದ್ದರು. ತಂತಿಯಕ್ಕ ನೇರ ಅವರ ಮುಂದೆ ಹೋಗಿ ನಿಂತಳು.

"ನೀವು ಲಕೋಟೆಲಿ ಹಾಕ್ಕೊಂಡು ಹೋದ ಓಲೆ ಅಲ್ಲಿಗೆ ಹೇಗೆ ಹೋಯ್ತು ಸಾರ್?"

"ಮಾದರಿ ಅಂದ್ರೇನಮ್ಮಾ? ನಾಲ್ಕು ಜನಕ್ಕೆ ಮಾದರಿಯಾಗಬೇಕು. ಆಯ್ತು. ಸಂತೋಷಪಡಿ."

"ಅದು ನನ್ನದು."

"ನಿಮ್ಮದಾದ್ರೆ ಪ್ರಮಾಣಪತ್ರ ತೋರ್ಸಿ."

ಅತ್ತೆ ಮುಂದೆ ಬಂದಳು. "ಪತ್ರ ಕೊಡದೇ ಇದ್ದೋರು ನೀವು, ತೋರ್ಸು ಅನ್ನೋರೂ ನೀವೇ. ಕನ್ನಡಿ ಮುಂದೆ ನಿಂತಾಗ ಮುಖ ಕಾಣುತ್ತಾ ನಿಮಗೆ?"

ಅಷ್ಟರಲ್ಲಿ ಅಧ್ಯಕ್ಷರ ಭಾಷಣ ಶುರುವಾದ್ದರಿಂದ ಆ ಪ್ರಶ್ನೆಗೆ ಉತ್ತರ ದಾಖಲಾಗಿಲ್ಲ. "ಕೈಯನ್ನು ನಾವು ಎಂದಿಗೂ ಕೈಬಿಡುವುದಿಲ್ಲ" ಎಂದು ಅಧ್ಯಕ್ಷರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಮಾಲೀಕರಿಗೆ ವರ್ಷದ ಶ್ರೇಷ್ಠ ಒಬ್ಬಂಟಿ ಕುಶಲಕರ್ಮಿ ಪ್ರಶಸ್ತಿ ನೀಡಲಾಯಿತು. ಅದನ್ನು ಸ್ವೀಕರಿಸಲು ಅವರ ಪರವಾಗಿ ಹನ್ನೆರಡು ಮಂದಿ ಮ್ಯಾನೇಜರುಗಳು ವೇದಿಕೆ ಹತ್ತಿದರು.

ಮರುವಾರ ತಂತಿಯಕ್ಕನಿಗೆ ನೋಟೀಸು ಬಂತು. ತಾವು ತಯಾರಿಸುವ ಓಲೆಗಳು ಅಧಿಕೃತ ಕೈಕೆಲಸದ ಓಲೆಗಳನ್ನು ಹೋಲುತ್ತಿರುವುದು ಮಂಡಳಿಯ ಗಮನಕ್ಕೆ ಬಂದಿದೆ. ಅವುಗಳಲ್ಲಿ ಅಧಿಕೃತ ತಪ್ಪು ಇಲ್ಲದಿರುವುದರಿಂದ ಅವು ನಕಲಿ ಎಂದು ಸಾಬೀತಾಗಿದೆ. ಆದಕಾರಣ ಏಳು ದಿನಗಳೊಳಗೆ ಅಂಗಡಿ ಮುಚ್ಚತಕ್ಕದ್ದು, ತಪ್ಪಿದಲ್ಲಿ ಉಪಕರಣಗಳನ್ನು ಜಪ್ತಿ ಮಾಡಲಾಗುವುದು. ಅಡಿಯಲ್ಲಿ ಎಂದಿನಂತೆ 'ತಮ್ಮ ಸಂರಕ್ಷಣೆಯಲ್ಲಿ' ಎಂದು ಸಹಿ.

ತಂತಿಯಕ್ಕ ಎರಡು ದಿನ ಮೇಜಿನ ಮುಂದೆ ಸುಮ್ಮನೆ ಕೂತಳು. ಇಕ್ಕಳಗಳನ್ನು ಎಣ್ಣೆ ಹಚ್ಚಿ ಒರೆಸಿದಳು, ಬಟ್ಟೆಯಲ್ಲಿ ಸುತ್ತಿದಳು, ಮತ್ತೆ ಬಿಚ್ಚಿದಳು. "ಟೋಲ್ ಗೇಟಲ್ಲಿ ಇನ್ನೊಬ್ಬರು ಬೇಕಂತೆ ಅತ್ತೆ" ಎಂದಳು.

"ಟೋಲ್ ಗೇಟಿಗೆ ಆಮೇಲೆ ಹೋಗುವೆಯಂತೆ. ಮೊದಲು ಚಪ್ಪಲಿ ಹಾಕ್ಕೋ, ಆಫೀಸಿಗೆ ಹೋಗೋಣ" ಎಂದಳು ಅತ್ತೆ.

ಮಂಡಳಿಯ ಕಚೇರಿಯಲ್ಲಿ ಅಂದು ಎಲ್ಲರೂ ಮೀಟಿಂಗಿನಲ್ಲಿದ್ದರು. ಬೀರುವಿನ ಪಕ್ಕ ನಿವೃತ್ತಿಗೆ ಹತ್ತಿರವಾದ ಒಬ್ಬ ಗುಮಾಸ್ತೆ ಮಾತ್ರ ಫೈಲು ಹೊಲಿಯುತ್ತಾ ಕೂತಿದ್ದಳು. ಅವಳು ನೋಟೀಸನ್ನು ಎರಡು ಸಲ ಓದಿ ಕನ್ನಡಕ ತೆಗೆದಳು.

"ಬೋರ್ಡಲ್ಲಿ ಏನಂತ ಬರೆಸಿದೀಯಮ್ಮಾ?"

"ಕೈಯಿಂದ ಮಾಡಿದ್ದು ಅಂತ."

"ಯಾಕೆ ಬರೆಸ್ದೆ? ನಮ್ಮ ನೂರಾ ಎಂಟು ನಿಯಮಾನೂ ಇರೋದು ಕೈಯವರಿಗೆ. ಮಿಷನ್ನವರಿಗೆ ಒಂದೂ ಇಲ್ಲ. ಮಿಷನ್ನಲ್ಲಿ ಮಾಡಿದ್ದು ಅಂತ ಬರೆದುಬಿಡು."

"ಮಿಷನ್ ಎಲ್ಲಿ ಅಂತ ಕೇಳಿದ್ರೆ?"

"ಕೇಳೋ ಅಧಿಕಾರ ನಮಗಿಲ್ಲ. ಮಿಷನ್ನು ನಮ್ಮ ವ್ಯಾಪ್ತಿಗೆ ಬರಲ್ಲ."

ತಂತಿಯಕ್ಕ ನೋಟೀಸನ್ನು ವಾಪಸು ತೆಗೆದುಕೊಂಡು ಮಡಚಿದಳು. "ಇಪ್ಪತ್ತೆರಡು ವರ್ಷ ಮಾಡಿದ್ದನ್ನ ನಾನು ಮಾಡಿದ್ದಲ್ಲ ಅಂತ ನಾನೇ ಬರೀಬೇಕಾ ಅಕ್ಕಾ?"

"ಬರೀಬೇಕು" ಎಂದು ಗುಮಾಸ್ತೆ ಮತ್ತೆ ಸೂಜಿಗೆ ದಾರ ಪೋಣಿಸಿದಳು.

ಮನೆಗೆ ಬಂದು ತಂತಿಯಕ್ಕ ಏಣಿ ಹತ್ತಿದಳು. ನೀಲಿ ಅಕ್ಷರಗಳ ಮೇಲೆ ಬಿಳಿ ಬಣ್ಣ ಬಳಿಯುವಾಗ ಕುಂಚ ಎರಡು ಸಲ ಕೈ ಜಾರಿ ಬಿತ್ತು. ಎರಡು ಸಲವೂ ಅತ್ತೆ ಎತ್ತಿಕೊಟ್ಟಳು. ಸಂಜೆಯ ಹೊತ್ತಿಗೆ ಬೋರ್ಡು ಸಿದ್ಧವಾಯಿತು: 'ಇಲ್ಲಿ ಎಲ್ಲವೂ ಅಪ್ಪಟ ಮಿಷನ್ನಿನಲ್ಲಿ ಮಾಡಿದ್ದು'. ಮಂಡಳಿಯವರು ಒಂದು ಸಲ ಬಂದು, ಬೋರ್ಡು ಓದಿ, ತಮಗೆ ಸಂಬಂಧವಿಲ್ಲವೆಂದು ಮಹಜರು ಬರೆದುಕೊಂಡು ಹೋದರು. ಪಕ್ಕದ ಗಡಿಯಾರದವನು ಸಾಕ್ಷಿ ಹಾಕಿದನು. ನರ್ಸುಗಳೂ ಟೀಚರುಗಳೂ ಎಂದಿನಂತೆ ಬಂದರು. ಮೇಜಿನ ಮುಂದೆ ತಂತಿಯಕ್ಕ ತಂತಿ ಬಗ್ಗಿಸುತ್ತಿರುವುದನ್ನು ನೋಡುತ್ತಲೇ, "ಮಿಷನ್ ಆದ್ರೂ ಎಷ್ಟು ನಾಜೂಕಾಗಿ ಮಾಡುತ್ತೆ" ಎಂದು ಹೊಗಳಿ ಕೊಂಡುಕೊಂಡರು.

ಕೆಲವು ತಿಂಗಳ ನಂತರ ಒಂದು ಮಧ್ಯಾಹ್ನ ಪರಿಶೀಲನಾಧಿಕಾರಿಗಳು ಖುದ್ದಾಗಿ ಬಂದರು. ತಂತಿಯಕ್ಕ ಒಳಗೆ ಊಟಕ್ಕೆ ಕೂತಿದ್ದಳು. ಅಂಗಡಿಯಲ್ಲಿ ಅತ್ತೆ ಇದ್ದಳು.

"ಡ್ಯೂಟಿ ಮೇಲೆ ಬಂದಿಲ್ಲಮ್ಮಾ. ಮನೆಯವಳಿಗೆ ಒಂದು ಜೊತೆ ಬೇಕಿತ್ತು. ಆ ಅಧಿಕೃತದ್ದು ಎರಡೇ ದಿನಕ್ಕೆ ಕಿವಿ ಗಾಯ ಮಾಡಿಬಿಡ್ತು. ನಿಮ್ಮ ಮಿಷನ್ನು ಚೆನ್ನಾಗಿದೆ ಅಂತ ಎಲ್ಲರೂ ಹೇಳ್ತಾರೆ. ಯಾವ ಕಂಪನಿದು?"

"ಕಂಪನಿ ಗೊತ್ತಿಲ್ಲ. ನಮ್ಮ ಮಗ ಮದುವೆ ಮಾಡ್ಕೊಂಡು ತಂದದ್ದು" ಎಂದಳು ಅತ್ತೆ.

"ಹಳೇ ಮಾಲು ಗಟ್ಟಿ ಇರುತ್ತೆ. ಈಗಲೇ ಒಂದು ಜೊತೆ ಮಾಡಿಸಿಕೊಡ್ತೀರಾ?"

"ಈಗಾಗಲ್ಲ. ಮಿಷನ್ನು ಊಟಕ್ಕೆ ಕೂತಿದೆ."

ಅಧಿಕಾರಿಗಳು ಅರ್ಥವಾಯಿತೆಂಬಂತೆ ತಲೆಯಾಡಿಸಿದರು. ಒಳಗಿನಿಂದ ತಟ್ಟೆಯ ಸದ್ದು ಕೇಳಿಸುತ್ತಿತ್ತು. ಅವರು ವಾಚು ನೋಡಿಕೊಂಡು, ಕುರ್ಚಿ ಎಳೆದು ಕೂತು, ಊಟ ಆದಮೇಲೆ ಮಿಷನ್ನಿಗೆ ಸ್ವಲ್ಪ ಮಲಗುವ ಅಭ್ಯಾಸವೇನಾದರೂ ಇದೆಯೇ ಎಂದು ವಿನಯದಿಂದ ವಿಚಾರಿಸಿದರು.