ನರಪೇತಲ ಶಬ್ದದ ಪ್ರಯೋಗ

ಶಬ್ದದ ಅರ್ಥ ಹೇಳಿದರೆ ಸಾಲದು, ಪ್ರಯೋಗವನ್ನೂ ತೋರಿಸಬೇಕು! ಶಿರಸಿಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕನ್ನಡ ಕಲಿಸುತ್ತಿರುವ ನನ್ನ ಪ್ರತಿಜ್ಞೆಯಿದು. ಕಳೆದ ಭಾನುವಾರ ಈ ಪ್ರತಿಜ್ಞೆಯೇ ನನ್ನನ್ನು ಕಿಟಕಿಗೆ ಸಿಕ್ಕಿಸಿತು.

ಕಥೆ ಓದುತ್ತಿದ್ದ ಮಗಳು ಶ್ರೀಲಕ್ಷ್ಮಿ ಕೇಳಿದಳು, "ಅಪ್ಪಾ, ನರಪೇತಲ ಅಂದ್ರೆ ಎಂತ?"

"ನರ ಎಣಿಸಲೆ ಬಪ್ಪಷ್ಟು ತೆಳ್ಳಗಿನವ. ಸಣಕಲಂಗೆ ಅಂಗಿ ದೊಗಲೆ ಆಗ್ತು. ನರಪೇತಲ ಆದ್ರೆ ಅಂಗಿಯೊಳಗೆ ಅವನ್ನೇ ಹುಡುಕವು! ಸಣ್ಣಿದ್ದಾಗ ಆನು ಹಾಂಗೇ ಇದ್ದಿದ್ದೆ."

ನಿಜ. ಹೆಸರು ವಿಘ್ನೇಶ್ವರ, ಹೊಟ್ಟೆ ಮಾತ್ರ ಇರಲಿಲ್ಲ! ಇದೇ ಮನೆಯಲ್ಲಿ ಯಾವ ಕೋಣೆಯ ಚಿಲಕ ಒಳಗಿನಿಂದ ಬಿದ್ದರೂ "ನರಪೇತಲನ್ನ ಕರೀರಿ!" ಎಂದು ಅಜ್ಜ ಕೂಗುತ್ತಿದ್ದ. ಸರಳಿಲ್ಲದ ಪುಟ್ಟ ಕಿಟಕಿಯಲ್ಲಿ ಹೊಗೆಯಂತೆ ನುಸುಳುತ್ತಿದ್ದೆ. ಬಾಗಿಲು ತೆರೆದೊಡನೆ ಅಪ್ಪನ ತಂಗಿ ಕಾವೇರತ್ತೆ ಬಾಯಿಗೆ ಬೆಲ್ಲ ಹಾಕುತ್ತಿದ್ದಳು. ಆ ಹೆಸರು ಬೈಗುಳವೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ.

ಅಷ್ಟರಲ್ಲಿ ಹೆಂಡತಿ ದೇವಕಿ ಓಡಿಬಂದಳು. ನಮ್ಮ ಜೊತೆಗೇ ಇರುವ, ಈಗ ಎಂಬತ್ತೆರಡರ ಕಾವೇರತ್ತೆ ಚಿಲಕ ಹಾಕಿಕೊಂಡು ಮಲಗಿದವಳು ಎಷ್ಟು ಬಡಿದರೂ ಏಳುತ್ತಿಲ್ಲ!

"ಆಚಾರಿಗೆ ಫೋನ್ ಮಾಡಿ, ಬಾಗಿಲು ಒಡೀಲಿ," ಎಂದಳು ದೇವಕಿ.

"ಆಚಾರಿ ಎಂತಕ್ಕೆ? ಆನು ಇಲ್ಯನಾ!"

ಹಿತ್ತಲಲ್ಲಿ ಅತ್ತೆಯ ಕೋಣೆಯ ಕಿಟಕಿಯ ಕೆಳಗೆ ಸ್ಟೂಲ್ ಇಟ್ಟು ಹತ್ತಿದೆ. ತಲೆ ಹೋಯಿತು. ಭುಜ ಹೋಯಿತು. ಹೊಟ್ಟೆ ಮಾತ್ರ ಹೊರಗೆ ಮುಷ್ಕರ ಹೂಡಿತು! ಸ್ಟೂಲೂ ಉರುಳಿತು. ತಾಯಿ ಮಗಳು ಒಂದೊಂದು ಕಾಲು ಹಿಡಿದು ಜಗ್ಗಿದರು. ಪಂಚೆ ಕೈಗೆ ಬಂತು, ನಾನು ಬರಲಿಲ್ಲ!

ಕನ್ನಡಕ ಜಾರಿ ಮಂಚದ ಮೇಲೆ ಬಿದ್ದಾಗ ಅತ್ತೆ ಕಣ್ಣು ಬಿಟ್ಟಳು. ಕಿವಿಯ ಯಂತ್ರ ತೆಗೆದಿಟ್ಟು ಮಲಗಿದ್ದಳು, ಅಷ್ಟೇ! ನನಗೆ ಅಳುವೇ ಬಂತು. ಅತ್ತೆ ಯಂತ್ರ ಸಿಕ್ಕಿಸಿಕೊಂಡು ಬಂದು ತಲೆ ಸವರಿದಳು. ಅವಳಿಗೆ ನಾನು ಈಗಲೂ ಪುಟ್ಟ 'ತಮ'ನೇ.

"ರಾಶಿ ಸೊರಗಿದ್ಯಲೋ ತಮಾ! ಇನ್ನೂ ನರಪೇತಲನೇ! ದೇವಕಿ ಉಣ್ಣಕ್ಕೆ ಹಾಕ್ತಿಲ್ಯನಾ?"

ಎಷ್ಟು ವರ್ಷದ ಮೇಲೆ ಆ ಹೆಸರು! ಸಿಕ್ಕಿಕೊಂಡಿದ್ದನ್ನೇ ಮರೆತೆ.

ಕೊನೆಗೆ ಆಚಾರಿಯೇ ಬಂದು ಚೌಕಟ್ಟು ಬಿಚ್ಚಿ ನನ್ನನ್ನು ಇಳಿಸಿದ, ಆ ಮಾತು ಬಿಡಿ. ಅದಕ್ಕೂ ಮೊದಲು, ದೇವಕಿಗೆ ಬುದ್ಧಿ ಹೇಳಲೆಂದು ಅತ್ತೆ ತಾನೇ ಚಿಲಕ ತೆಗೆದು ಹಿತ್ತಲಿಗೆ ನಡೆದಳು. ಚಡ್ಡಿಯಲ್ಲಿ ಒದ್ದಾಡುತ್ತಿದ್ದ ನನ್ನ ಹಿಂಭಾಗದೆದುರು ನಿಂತು ಬೆಚ್ಚಿ ಕೂಗಿದಳು:

"ದೇವಕೀ, ನಮ್ಮ ತಮ ಪಾಪ ಒಳಗಿದ್ದ. ಇಲ್ಲಿ ನೇತಾಡ್ತಿಪ್ಪವ ಯಾವನೇ?"